ಎಂಟನೆಯ ಮಂಚ

‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆಯನ್ನು ಕಟ್ಟಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಆದರೆ ಅವನು ಎಲ್ಲೋ ಒಂದು ಊರಿನಲ್ಲಿ ರೋಗಿಗಳಿಗೆ ಮಂಚ ಎರವಲು ಕೊಡುವ ಕೆಲಸದಲ್ಲಿದ್ದ ಎಂದು ಹೊಸನಗರದ ಮೂಕಾಂಬಿಕಾ ಆಣೆ ಮಾಡಿ ಹೇಳಿಯಾಳು.

ಅವಳ ಕೆಲಸವೇ ಅದು. ಸಾಗರದಲ್ಲಿ ‘ನೆರಳು ಬಳಗ’ ಎಂದೊಂದು ಸೇವಾಸಂಸ್ಥೆ. ಹೊಸನಗರ, ತೀರ್ಥಹಳ್ಳಿಗಳಲ್ಲಿ ಅದಕ್ಕೆ ಒಂದೊಂದು ಶಾಖೆ. ಹಾಸಿಗೆ ಹಿಡಿದವರ ಮನೆಗೆ ಹಿಡಿ ತಿರುಗಿಸಿದರೆ ತಲೆಯ ಕಡೆ ಏಳುವ ಕಬ್ಬಿಣದ ಮಂಚ, ಗಾಲಿಕುರ್ಚಿ, ನೀರಿನ ಹಾಸಿಗೆ, ವಾಕರ್ ಇವನ್ನೆಲ್ಲ ಪುಕ್ಕಟೆ ಕೊಡುವುದು, ಕೆಲಸ ಮುಗಿದ ಮೇಲೆ ವಾಪಸು ತರುವುದು. ಹೊಸನಗರದ ಶಾಖೆ ಎಂದರೆ ಹಿಟ್ಟಿನ ಗಿರಣಿಯ ಹಿಂದಿನ ಒಂದು ಉದ್ದನೆಯ ಕೋಣೆ ಮತ್ತು ಮೂಕಾಂಬಿಕಾ. ಅಧ್ಯಕ್ಷರು, ಕಾರ್ಯದರ್ಶಿ, ಸನ್ಮಾನದ ಶಾಲು ಎಲ್ಲ ಸಾಗರದಲ್ಲಿ. ಮಂಚದ ನಟ್ಟು ಬಿಗಿಯುವುದು, ಫಿನಾಯಿಲ್ ಹಾಕಿ ಉಜ್ಜುವುದು, ಬಸ್ಸು ಹತ್ತಿ ಮನೆಮನೆಗೆ ಹೋಗಿ ಬೆನ್ನುಹುಣ್ಣಿಗೆ ಔಷಧಿ ಹಚ್ಚುವುದು ಎಲ್ಲ ಇವಳ ಪಾಲು.

ಅವಳು ಈ ಕೆಲಸಕ್ಕೆ ಬಂದದ್ದೂ ಒಂದು ಮಂಚದ ದೆಸೆಯಿಂದಲೇ. ತೀರ್ಥಹಳ್ಳಿ ಕಡೆಯ ಹುಡುಗಿ. ಗಂಡ ತೀರ್ಥೇಶ್ ಜೋಗದ ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ವರ್ಷಗಟ್ಟಲೆ ಬಳಗದ ಮಂಚದ ಮೇಲೆ ಮಲಗಿದ್ದು ಕೊನೆಗೆ ತೀರಿಕೊಂಡ. ತಿಥಿ ಕಳೆದ ಮಾರನೆಯ ದಿನ ಮಂಚವನ್ನು ತೊಳೆದು, ತಾನೇ ಹೇರಿಸಿಕೊಂಡು ಬಂದು ಒಪ್ಪಿಸಿದಳು. ಹೇಳದೆ ಕೇಳದೆ ತಾನಾಗಿ ಮಂಚ ವಾಪಸು ತಂದ ಮೊದಲ ಪ್ರಾಣಿ ಅವಳೇ ಎಂದು ಬಳಗದವರಿಗೆ ಎಷ್ಟು ಆಶ್ಚರ್ಯವಾಯಿತೆಂದರೆ, ಅಲ್ಲೇ ಕೆಲಸ ಕೊಟ್ಟುಬಿಟ್ಟರು. ಈಗ ಅವಳಿಗೆ ಐವತ್ತು ಹತ್ತಿರ. ಮೊಣಕಾಲು ಹಿಡಿದುಕೊಂಡಿದೆ. ಮಗಳು ಕವನಾ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಮನೆಗೆ ಬಂದರೆ ಕಾಲಿಗೆ ಎಣ್ಣೆ ಹಚ್ಚುವವರೂ ಇಲ್ಲ, ಊಟವಾಯಿತಾ ಎಂದು ಕೇಳುವವರೂ ಇಲ್ಲ.

ಹೀಗಿರುವಾಗ ಕೇರಳದ ಬೆಟ್ಟಸೀಮೆಯ ಒಂದು ಊರಿನ ಮೇಲೆ ಗುಡ್ಡ ಜರಿಯಿತು. ಟಿವಿಯಲ್ಲಿ ನೋಡಿದವರು ತುತ್ತು ಕೈಯಲ್ಲೇ ಹಿಡಿದು ಕೂತರು. ಗುಡ್ಡ ಜರಿಯುವುದೆಂದರೆ ಏನು ಎಂದು ಈ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಗುಂಬೆ ಘಾಟಿಯಲ್ಲಿ ಒಂದು ಮಳೆಗಾಲ ತಪ್ಪಿದರೆ ಇನ್ನೊಂದರಲ್ಲಿ ಮಣ್ಣು ರಸ್ತೆಗೆ ಬಂದೇ ಬರುತ್ತದೆ. ಮೂರು ತಾಲ್ಲೂಕಿನ ಜನ ನಾ ಮುಂದೆ ತಾ ಮುಂದೆ ಎಂದು ಕೊಟ್ಟರು. ಅಕ್ಕಿ, ಕಂಬಳಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕಷಾಯದ ಪುಡಿ. ಕಾಲು ಮುರಿದವರಿಗೆ ಉಪ್ಪಿನಕಾಯಿ ಯಾಕೆ ಎಂದು ಯಾರೂ ಕೇಳಲಿಲ್ಲ. ಗಂಜಿ ಇದ್ದಲ್ಲಿ ಉಪ್ಪಿನಕಾಯಿ ಬೇಡವೇ?

ಅಲ್ಲಿ ನಿಜಕ್ಕೂ ಬೇಕಾಗಿದ್ದದ್ದು ಮಂಚ. ಗಾಯಗೊಂಡವರನ್ನು ಶಾಲೆಯ ಕೋಣೆಗಳಲ್ಲಿ ಚಾಪೆ ಹಾಸಿ ಮಲಗಿಸಿದ್ದರು. ಬಳಗದ ಅಧ್ಯಕ್ಷ ಮುಕುಂದಯ್ಯನವರಿಗೆ ಆ ಸುದ್ದಿ ತಿಳಿಯಿತು. ನಿವೃತ್ತ ಹೆಡ್ಮಾಸ್ಟರು, ಒಳ್ಳೆಯ ಮನುಷ್ಯ, ಆದರೆ ಸಭೆಯೆಂದರೆ ಸಾಕು, ಮೈಮೇಲೆ ಬಂದವರ ಹಾಗೆ ಆಗುತ್ತಾರೆ. ತೀರ್ಥಹಳ್ಳಿ ಶಾಖೆಯವರು ಆರು ಮಂಚ ಎಂದರಂತೆ. ಇವರು ಕೂತಲ್ಲೇ, “ನಮ್ಮ ಹೊಸನಗರದಿಂದ ಎಂಟು!” ಎಂದುಬಿಟ್ಟರು. ಆಮೇಲೆ ಮೂಕಾಂಬಿಕಾಗೆ ಫೋನು.

“ಮೂಕಾಂಬಿಕಮ್ಮ, ಶನಿವಾರ ಲಾರಿ ಬರ್ತದೆ. ಎಂಟು ಮಂಚ ರೆಡಿ ಇಟ್ಟಿರಿ.”

“ಸಾರ್, ಕೋಣೆಲಿ ಇರೋದು ಮೂರು.”

“ಮನೆಗಳಲ್ಲಿ ಸುಮ್ನೆ ಬಿದ್ದಿರ್ತಾವಲ್ಲ, ಅದನ್ನ ವಸೂಲಿ ಮಾಡಿ. ಮಾತು ಕೊಟ್ಟಾಗಿದೆ.”

ಮಾತು ಕೊಟ್ಟವರು ಸಾಗರದಲ್ಲಿ, ಮಂಚ ಹೊರುವವಳು ಹೊಸನಗರದಲ್ಲಿ. ಆಗಲಿ ಎಂದು ಹೊರಟಳು. ನಗರ ರಸ್ತೆಯ ಒಂದು ಮನೆಯಲ್ಲಿ ಯಜಮಾನ ತೀರಿಕೊಂಡು ದೀಪಾವಳಿ ಕಳೆದಿತ್ತು. ಮಂಚ ಕೇಳಿದರೆ ಮಗ ಕಣ್ಣೊರೆಸಿಕೊಂಡು, “ಅಪ್ಪ ಇದ್ದ ಮಂಚ ಅಲ್ದಾ ಅಕ್ಕ, ನೆನಪಿಗೆ ಅಂತ ಇಟ್ಕಂಡೀವಿ,” ಎಂದ. ಹಿತ್ತಲಿಗೆ ಹೋಗಿ ನೋಡಿದರೆ ಆ ನೆನಪಿನ ಮೇಲೆ ನಾಯಿ ಮರಿ ಹಾಕಿತ್ತು! ಇನ್ನೊಂದು ಮನೆಯಲ್ಲಿ ಅದರ ಮೇಲೆ ಸೌದೆ ಪೇರಿಸಿದ್ದರು. ಮತ್ತೊಂದು ಕಡೆ ಗಟ್ಟಿಮುಟ್ಟಾದ ಅಳಿಯನೊಬ್ಬ ಅದರ ತಲೆಯ ಕಡೆ ಎತ್ತರಿಸಿಕೊಂಡು ಮೊಬೈಲು ನೋಡುತ್ತಿದ್ದ. ಬೈದು, ಬೇಡಿ, ಒಬ್ಬರ ಮನೆಯಲ್ಲಿ ಜಗಳವನ್ನೇ ಆಡಿ, ಅಂತೂ ಕೋಣೆಯ ಮೂರೂ ಸೇರಿ ಏಳು ಮಂಚ ಕೂಡಿಸಿದಳು. ಶುಕ್ರವಾರ ಬಂತು. ಎಂಟನೆಯದು ಎಲ್ಲಿಯೂ ಇಲ್ಲ.

ಆ ದಿನ ಅವಳ ವಾರದ ಸುತ್ತಿನಲ್ಲಿ ಬಂಗಾರಮ್ಮನ ಮನೆಯ ಸರದಿ. ಬಟ್ಟೆಮಲ್ಲಪ್ಪ ಎಂಬ ಊರಿನ ಆಚೆ, ಅಣೆಕಟ್ಟಿನ ಮುಳುಗಡೆಯಿಂದ ಎದ್ದು ಬಂದವರ ಕೇರಿಯಲ್ಲಿ ಆ ಮನೆ. ಲಕ್ವ ಹೊಡೆದು ಬಂಗಾರಮ್ಮನ ಬಲಭಾಗ ಪೂರ್ತಿ ಹೋಗಿತ್ತು. ನಾಲಿಗೆ ಕೊಂಚ ತೊದಲುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಮಗ ಬಾಲು ಅಕ್ಕಿ ಗಿರಣಿಗೆ ಹೋಗುತ್ತಿದ್ದ. ಸೊಸೆ ತನುಜಾ ಶಾಲೆಯ ಬಿಸಿಯೂಟದ ಅಡುಗೆಗೆ ಹೋಗಿಬಂದು ಅತ್ತೆಯನ್ನು ಕಣ್ಣಿನ ಹಾಗೆ ನೋಡಿಕೊಳ್ಳುತ್ತಿದ್ದಳು. ಮೂಕಾಂಬಿಕಾಗೆ ಎಲ್ಲ ಮನೆಗಳಿಗಿಂತ ಇದು ಇಷ್ಟ. ಇಲ್ಲಿ ಅವಳನ್ನು ಕೂತುಕೋ ಎನ್ನುತ್ತಿದ್ದರು.

“ಮಖ ಯಾಕೆ ಹಂಗೆ ಬಾಡಿದೆ ಮಗಾ?” ಎಂದರು ಬಂಗಾರಮ್ಮ.

ಬೆನ್ನಿಗೆ ಔಷಧಿ ಹಚ್ಚುತ್ತ ಮೂಕಾಂಬಿಕಾ ಎಲ್ಲವನ್ನೂ ಹೇಳಿಕೊಂಡಳು. ಹೇಳಬಾರದಿತ್ತು. ಆದರೆ ಕೇಳುವವರು ಸಿಕ್ಕಾಗ ದಣಿದವರ ಬಾಯಿ ನಿಲ್ಲುವುದಿಲ್ಲ.

“ಅಷ್ಟೇಯನಾ? ನಂದು ತಗಂಡೋಗು.”

“ಅಯ್ಯೋ ಬಿಡಿ ದೊಡ್ಡಮ್ಮ. ನೀವೆಲ್ಲಿ ಮಲಗ್ತೀರಿ?”

“ನೆಲ ಎಲ್ಲಿಗಾದ್ರೂ ಓಡಿ ಹೋಗ್ತದನಾ? ಹಾಸಿಗೆ ಹಾಸಿದ್ರೆ ಆಯ್ತಪ್ಪ. ಲಿಂಗನಮಕ್ಕಿ ನೀರು ಮನೆ ಬಾಗಿಲಿಗೆ ಬಂದಾಗ ನಂಗೆ ಇನ್ನೂ ಮದುವೆ ಆಗಿರ್ಲಿಲ್ಲ. ಅಪ್ಪಯ್ಯ ಬಾಗಿಲು ಕಿತ್ತು ತಲೆ ಮೇಲೆ ಹೊತ್ಕಂಡು ಬಂದ. ದಾರಿ ಮೇಲೆ ಅಷ್ಟು ಊರಿತ್ತು ಕಣೆ, ಒಬ್ರಾದ್ರೂ ಒಂದು ಚಾಪೆ ಕೊಡ್ಲಿಲ್ಲ. ಅದು ಈಗ್ಲೂ ಉರೀತದೆ ನಂಗೆ. ತಗಂಡೋಗು, ಸುಮ್ನೆ ಮಾತಾಡ್ಬೇಡ.”

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮಂಚದ ಮೇಲೆ ಜೀವ ಹೋಗಬಾರದು. ಇನ್ನು ಉಳಿಯುವುದಿಲ್ಲ ಎಂದು ಕಂಡಾಗ ರೋಗಿಯನ್ನು ಮಂಚದಿಂದ ಎತ್ತಿ ನೆಲದ ಮೇಲೆ ಮಲಗಿಸುತ್ತಾರೆ. ‘ಇಳಿಸಿದರಂತೆ’ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ನೆಂಟರು ಮಾಡುತ್ತಿದ್ದ ಕೆಲಸ ಬಿಟ್ಟು ಬಸ್ಸು ಹತ್ತುತ್ತಾರೆ. ಮೂಕಾಂಬಿಕಾಗೆ ಇದು ಗೊತ್ತಿರಲಿಲ್ಲವೇ? ಗಂಡ ತೀರ್ಥೇಶನನ್ನು ಇಳಿಸುವಾಗ ಕಾಲಿನ ಕಡೆ ಹಿಡಿದವಳು ಅವಳೇ. ನೆಲಕ್ಕೆ ಮೈ ತಾಗಿದ ಕೂಡಲೇ ಅವನು ಕಣ್ಣು ಬಿಟ್ಟು ಅವಳನ್ನು ನೋಡಿದ್ದ. ಆ ನೋಟ ಅವಳ ಎದೆಯಲ್ಲಿ ಇವತ್ತಿಗೂ ಕೂತಿದೆ. ಬಂಗಾರಮ್ಮನ ಮಾತು ಕೇಳಿದಾಗ ಅದು ನೆನಪಾಯಿತು. ನೆನಪಾದದ್ದನ್ನು ಅವಳು ಬದಿಗೆ ತಳ್ಳಿದಳು. ಕೆಲವೇ ದಿನದ ಮಾತು, ಸಾಗರದಿಂದ ಹೊಸ ಮಂಚ ಬರುತ್ತದೆ, ಬಂದ ಕೂಡಲೇ ಮೊದಲನೆಯದು ಇವರಿಗೇ ಎಂದುಕೊಂಡಳು. ಇನ್ನೊಂದು ಮನೆ ಬಾಗಿಲು ತಟ್ಟುವ ಶಕ್ತಿ ಅವಳಲ್ಲಿರಲಿಲ್ಲ, ಅದೇ ನಿಜ.

ಬಾಲು, ತನುಜಾ, ಇವಳು, ಮೂವರೂ ಸೇರಿ ಬಂಗಾರಮ್ಮನನ್ನು ಎತ್ತಿ ಕೆಳಗೆ ಹಾಸಿದ ಹಾಸಿಗೆಯ ಮೇಲೆ ಮಲಗಿಸಿದರು.

ಶನಿವಾರ ಲಾರಿ ಹೊರಟಿತು. ಮುಕುಂದಯ್ಯನವರು ಬ್ಯಾನರಿನ ಮುಂದೆ ನಿಂತ ಫೋಟೋ ಬಳಗದ ವಾಟ್ಸಾಪ್ ಗುಂಪಿಗೆ ಬಂತು. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದು ಬಿದ್ದವು. ಮೂಕಾಂಬಿಕಾ ಮಂಚ ಹೇರಿ ಹೇರಿ ಸೊಂಟ ಹಿಡಿದು ಮಲಗಿದವಳು ಭಾನುವಾರವೂ ಏಳಲಿಲ್ಲ. ಸೋಮವಾರ, ಮಂಗಳವಾರ ಬೇರೆ ಮನೆಗಳ ಸುತ್ತು. ಬುಧವಾರ ಬೆಳಿಗ್ಗೆ ಬಾಲುವಿನ ಫೋನು ಬಂತು.

“ಅಕ್ಕ, ಅವ್ವ ಬಾಯಿ ಬಿಡ್ತಾ ಇಲ್ಲ. ನಿನ್ನೆಯಿಂದ ಒಂದು ಗುಟುಕು ನೀರೂ ಇಳಿದಿಲ್ಲ.”

“ಜ್ವರ ಇದೆಯಾ? ಡಾಕ್ಟ್ರಿಗೆ ತೋರಿಸಿದ್ರಾ?”

“ಡಾಕ್ಟ್ರು ಬಂದು ನೋಡಿದ್ರು. ಎಂತ ಆಗಿಲ್ಲ, ಹಟ ಅಂದ್ರು. ನೀವು ಒಂಚೂರು ಬನ್ನಿ ಅಕ್ಕ.”

ಆದದ್ದು ಇಷ್ಟು. ಪಕ್ಕದ ಮನೆಯಾಕೆ ಮೊಸರು ಕೇಳಲು ಬಂದವಳು ಬಾಗಿಲಲ್ಲಿ ಇಣುಕಿ, ಬಂಗಾರಮ್ಮ ನೆಲದ ಮೇಲಿರುವುದನ್ನು ಕಂಡು, “ಅಯ್ಯಯ್ಯೋ, ಇಳಿಸಿಬಿಟ್ರಾ!” ಎಂದು ಬೊಬ್ಬೆ ಹಾಕಿದಳು. ಅದು ಕೇರಿ ದಾಟಿತು, ಹೊಳೆ ದಾಟಿತು. ಬಾಲು ಎಲ್ಲರಿಗೂ ಫೋನು ಮಾಡಿ, “ಹಂಗೇನಿಲ್ಲ, ಮಂಚ ದಾನ ಕೊಟ್ಟೀವಿ,” ಎಂದ. ಯಾರು ನಂಬುತ್ತಾರೆ? ಹಾಸಿಗೆ ಹಿಡಿದವರ ಮಂಚವನ್ನು ಯಾರಾದರೂ ದಾನ ಕೊಡುತ್ತಾರೆಯೇ? ಪಾಪ, ಹುಡುಗ ದುಃಖಕ್ಕೆ ಏನೋ ಮಾತಾಡುತ್ತಾನೆ ಎಂದುಕೊಂಡರು. ಬಂಗಾರಮ್ಮನ ತಮ್ಮ ಜಟ್ಟಿಂಗಪ್ಪ ರಿಪ್ಪನ್‌ಪೇಟೆ ಕಡೆಯಿಂದ ಬಂದ. ಅವನ ಹಿಂದೆ ಅತ್ತಿಗೆ ನಾದಿನಿಯರು ಬಂದರು. ತುಳಸಿ ಬಂತು, ಕಾಶಿಯ ತೀರ್ಥದ ಗಿಂಡಿ ಬಂತು. ಸುತ್ತ ಕೂತು ಕಣ್ಣೊರೆಸಿಕೊಂಡರು.

ಬಂಗಾರಮ್ಮ ಮೊದಲ ದಿನ ನಕ್ಕರು. “ನಾನು ಸತ್ತಿಲ್ಲ ಕಣ್ರೋ, ಹೋಗ್ರೋ!” ಎಂದು ಬೈದರು. ಎರಡನೆಯ ದಿನ ಬೈಗುಳ ಕಡಿಮೆಯಾಯಿತು. ಮೂರನೆಯ ದಿನ ತನುಜಾ ಗಂಜಿ ತಂದಾಗ ತಲೆ ತಿರುಗಿಸಿ, ಸೊಸೆಗೆ ಮಾತ್ರ ಕೇಳುವ ಹಾಗೆ ಒಂದು ಮಾತು ಹೇಳಿದರು. “ಎಲ್ಲಾ ಬಂದು ಕೂತಾಗಿದೆ. ನಾಟಿ ಬಿಟ್ಟು ಬಂದಿದಾರೆ. ಇನ್ನು ತಡ ಮಾಡಿದ್ರೆ ಅವ್ರಿಗೂ ತೊಂದ್ರೆ ಅಲ್ಲನೇ?”

ನೆಂಟರಿಗೆ ತೊಂದರೆಯಾಗಬಾರದು ಎಂದು ಸಾಯಲು ಹೊರಟ ಹೆಂಗಸು! ಬಾಲುವಿನ ಕೈಯಿಂದ ಫೋನು ತೆಗೆದುಕೊಂಡು ತನುಜಾ ಇದನ್ನು ಹೇಳಿ ಬಿಕ್ಕಿದಳು. ಇಳಿಸಿದ್ದು ಮೂಕಾಂಬಿಕಾ. ಬೇರೆ ಯಾರು ಅಲ್ಲ ಎಂದರೂ ಅವಳಿಗೆ ಅದು ಗೊತ್ತಿತ್ತು. ಮಂಚದ ಮೇಲೆ ಕೂರಿಸಿದರೆ ಬಂಗಾರಮ್ಮ ಮತ್ತೆ ಬಾಯಿ ಬಿಟ್ಟಾರು, ಇಲ್ಲವಾದರೆ ಇಲ್ಲ. ಸಾಗರಕ್ಕೆ ಫೋನು ಹಚ್ಚಿದಳು.

“ಸಾರ್, ನಂಗೆ ಇವತ್ತೇ ಒಂದು ಮಂಚ ಬೇಕು.”

“ಹೊಸದಕ್ಕೆ ಹೇಳಿದ್ದೀನಿ ಮೂಕಾಂಬಿಕಮ್ಮ. ಬರೋದು ಮುಂದಿನ ತಿಂಗಳು. ಸಾಗರದ್ದೂ ಎಲ್ಲಾ ಹೋಯ್ತು.”

“ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ ಸಾರ್, ಹಂಗಾಯ್ತು ನಮ್ ಕಥೆ.”

ಮುಕುಂದಯ್ಯನವರಿಗೆ ಸಿಟ್ಟು ಬರಲಿಲ್ಲ. ಅವರ ದನಿಯೂ ಕುಗ್ಗಿತ್ತು. “ಅಲ್ಲಿ ಒಬ್ಬ ಹುಡುಗಿ, ಎರಡೂ ಕಾಲು ಮುರಿದಿದೆ. ನಮ್ಮ ಮಂಚದ ಮೇಲೆ ಹಾಕಿದ ಮೇಲೆ ಮೊದಲ ಸಲ ನಿದ್ದೆ ಮಾಡಿದ್ಲಂತೆ. ಈಗ ಯಾರದ್ದನ್ನ ಕಿತ್ತು ಯಾರಿಗೆ ಕೊಡ್ಲಿ, ನೀವೇ ಹೇಳಿ.”

ಮೂಕಾಂಬಿಕಾ ಫೋನು ಇಟ್ಟಳು. ತಾನು ಮಲಗುವ ಮರದ ಮಂಚವನ್ನು ಬಿಚ್ಚಿದಳು. ಒಂದು ಲಗೇಜ್ ಆಟೋ ಕರೆಸಿ ಹೇರಿಸಿದಳು. ಬೆಳಗಿನಿಂದ ಹೊಟ್ಟೆಗೆ ಚಹಾ ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ದಾರಿಯುದ್ದಕ್ಕೂ ಮಂಚದ ಕಾಲು ಹಿಡಿದು ಕೂತಿದ್ದಳು.

ಬಂಗಾರಮ್ಮನ ಅಂಗಳದಲ್ಲಿ ಆಟೋ ನಿಂತ ಕೂಡಲೇ ಜಟ್ಟಿಂಗಪ್ಪ ಎದ್ದು ಬಂದ. ಅರವತ್ತೈದರ ಗಟ್ಟಿ ಆಳು, ಕಂಬಳಿ ಹೊದ್ದಿದ್ದ.

“ಇದೆಂತ ಇದು?”

“ಮಂಚ. ದೊಡ್ಡಮ್ಮನ್ನ ಇದ್ರ ಮೇಲೆ ಮಲಗಿಸ್ಬೇಕು.”

“ನಿಮಗೆಂತ ತಲೆ ಸರಿ ಇದೆಯನಾ? ಇಳಿಸಿದ ಜೀವನ ಮತ್ತೆ ಮೇಲೆ ಹತ್ತಿಸ್ತಾರೇನ್ರೀ? ನಾಳೆ ಮಂಚದ ಮೇಲೇ ಪ್ರಾಣ ಹೋದ್ರೆ ಆ ಪಾಪ ಯಾರಿಗೆ? ಮನೆ ಮಕ್ಕಳಿಗೆ ತಟ್ತದೆ.”

“ಅವ್ರನ್ನ ಸಾಯ್ಲಿ ಅಂತ ಇಳಿಸಿದ್ದಲ್ಲ ಜಟ್ಟಿಂಗಪ್ಪನವ್ರೇ! ಮಂಚ ನಾನೇ ಒಯ್ದದ್ದು. ತಪ್ಪು ನಂದು.”

“ಯಾಕೆ ಇಳಿಸಿದ್ರೂ ಇಳಿಸಿದ್ದು ಇಳಿಸಿದ್ದೇ.”

ಬಾಲು ಮಾವನ ಮುಖ ನೋಡಿದ, ಇವಳ ಮುಖ ನೋಡಿದ, ತಲೆ ತಗ್ಗಿಸಿದ. ಎದುರು ಮಾತಾಡುವ ಮಗನಾಗಿರಲಿಲ್ಲ ಅವನು. ಒಳಗಿನ ಹೆಂಗಸರೂ ಬಾಗಿಲಿಗೆ ಬಂದು, “ಬೇಡ ತಂಗಿ, ನೆಮ್ಮದಿಯಾಗಿ ಹೋಗ್ಲಿ ಬಿಡು,” ಎಂದರು. ಒಬ್ಬರಲ್ಲೂ ಕೆಟ್ಟ ಮನಸ್ಸಿಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ದೂಡಿ ಒಳಗೆ ಹೋಗಬಹುದಿತ್ತು. ಮೂಕಾಂಬಿಕಾ ಇನ್ನೂ ಸ್ವಲ್ಪ ಹೊತ್ತು ವಾದಿಸಿದಳು, ಕೂಗಿದಳು, ಯಾರೂ ಜಗ್ಗಲಿಲ್ಲ. ಮಂಚ ಆಟೋದಲ್ಲೇ ಉಳಿಯಿತು.

ಒಳಗೆ ಹೋದಳು. ಬಂಗಾರಮ್ಮ ಕಣ್ಣು ಮುಚ್ಚಿ ಮಲಗಿದ್ದರು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ತಲೆದೆಸೆಯಲ್ಲಿ ತುಳಸಿ, ಗಿಂಡಿ. ಪಕ್ಕದಲ್ಲಿ ತನುಜಾ ತಂದಿಟ್ಟ ಗಂಜಿಯ ಮೇಲೆ ಕೆನೆ ಕಟ್ಟಿತ್ತು. ಮೂಕಾಂಬಿಕಾ ಚಮಚದಲ್ಲಿ ತೆಗೆದು ತುಟಿಗೆ ತಾಗಿಸಿದಳು.

“ದೊಡ್ಡಮ್ಮ, ನಾನು ಮೂಕಾಂಬಿಕಾ. ಒಂದು ಚಮಚ.”

ತುಟಿ ಬಿಗಿಯಾಯಿತು. ಗಂಜಿ ಗಲ್ಲದ ಮೇಲೆ ಹರಿದು ಕುತ್ತಿಗೆಗೆ ಇಳಿಯಿತು. ಒರೆಸಿದಳು. ಇನ್ನೊಂದು ಸಲ ನೋಡಿದಳು. ಮತ್ತೂ ಒಂದು ಸಲ. ಆಗಲಿಲ್ಲ.

ಮಾತು ಮುಗಿದಿತ್ತು, ಉಪಾಯ ಮುಗಿದಿತ್ತು. ಮೊಣಕಾಲು ಮಡಚಿ ಕೂರಲೂ ಆಗದೆ, ಅವಳು ಚಮಚ ಕೆಳಗಿಟ್ಟು, ಬಂಗಾರಮ್ಮನ ಪಕ್ಕದ ಬರಿ ನೆಲದ ಮೇಲೆ ಹಾಗೇ ಒರಗಿದಳು. “ಅಲ್ಲಿ ಮಲಗ್ಬಾರ್ದು ತಂಗಿ, ಏಳು!” ಎಂದು ಯಾರೋ ಹೌಹಾರಿದ್ದು ಕೇಳಿಸಿತು. ಏಳೋಣ ಎಂದುಕೊಂಡಳು. ಅಷ್ಟರಲ್ಲಿ ಕಲ್ಲು ಹಾಕಿದ ಹಾಗೆ ನಿದ್ದೆ ಬಂದಿತ್ತು.

ಎಷ್ಟು ಹೊತ್ತಾಯಿತೋ ಅವಳಿಗೆ ತಿಳಿಯದು. ಎಚ್ಚರಾದಾಗ ತೊದಲು ದನಿಯೊಂದು ಹತ್ತಿರದಲ್ಲೇ ಕೇಳಿಸುತ್ತಿತ್ತು.

“ತನುಜಾ... ಇವ್ಳು ಉಸ್ರು ಆಡ್ತಾಳನಾ ನೋಡೇ.”

“ಆಡ್ತಾರೆ ಅತ್ತೆ. ನಿದ್ದೆ ಮಾಡ್ತಿದಾರೆ.”

“ಇದೆಂಥಾ ನಿದ್ದೆ ಮಾರಾಯ್ತಿ! ನಾನು ಅವಾಗಿಂದ ಎದೆ ಏಳ್ತದಾ ಇಳಿತದಾ ಅಂತ ನೋಡ್ತಾ ಇದೀನಿ. ಹೆದ್ರಿಕೆ ಆಗ್ಹೋಯ್ತು. ಏನಾರೂ ತಿಂದಾಳನಾ ಕೇಳಿದ್ರಾ ಯಾರಾದ್ರೂ?”

ಸುತ್ತ ಕೂತವರಲ್ಲಿ ಯಾರೂ ಕೇಳಿರಲಿಲ್ಲ.

ಮೂಕಾಂಬಿಕಾ ಕಣ್ಣು ಬಿಟ್ಟಳು. ಒಂದು ಗೇಣು ದೂರದಲ್ಲಿ ಬಂಗಾರಮ್ಮನ ಮುಖ. ಕಣ್ಣು ಅಗಲವಾಗಿ ತೆರೆದು ಅವಳನ್ನೇ ನೋಡುತ್ತಿದ್ದರು.

“ಎದ್ಯಾ? ಗಂಜಿ ಉಣ್ಣು.”

“ನಂಗೆ ಬೇಡ ದೊಡ್ಡಮ್ಮ.”

“ಯಾಕೆ ಬೇಡ?”

“ಸಾಕಾಗಿದೆ ನಂಗೆ.” ಇದನ್ನು ಅವಳು ಹಟಕ್ಕೂ ಹೇಳಲಿಲ್ಲ, ಉಪಾಯಕ್ಕೂ ಹೇಳಲಿಲ್ಲ. ಬಾಯಿಂದ ತಾನಾಗಿ ಬಂತು. “ಎಲ್ರ ಮನೆಗೂ ಹೋಗ್ತೀನಿ, ಎಲ್ರ ಬೆನ್ನೂ ಒರೆಸ್ತೀನಿ. ಎಲ್ಲಾ ಹೋಗೇಬಿಡ್ತಾರೆ. ಈಗ ನೀವೂ ಹೊರಟ್ರಿ, ಅದೂ ನನ್ನ ಕೈಯಿಂದ್ಲೇ. ನಾನು ಇನ್ನು ಈ ಕೆಲ್ಸಕ್ಕೆ ಬರಲ್ಲ. ಏಳೋದೂ ಇಲ್ಲ, ಇಲ್ಲೇ ಬಿದ್ದಿರ್ತೀನಿ.”

ಹೇಳುತ್ತ ಹೇಳುತ್ತ ಕಣ್ಣೀರು ಮೂಗಿನ ಮೇಲೆ ಅಡ್ಡ ಹರಿದು ನೆಲಕ್ಕೆ ಬಿತ್ತು. ಒರೆಸಿಕೊಳ್ಳಲೂ ಇಲ್ಲ.

ಬಂಗಾರಮ್ಮ ಅದನ್ನು ನೋಡಿದರು. ಆಮೇಲೆ ಬಾಗಿಲ ಕಡೆ ಕೂಗಿದರು. ದನಿ ಸಣ್ಣದಾಗಿತ್ತು, ಆದರೆ ಹಳೆಯ ಜೋರು ಅದರಲ್ಲಿತ್ತು.

“ಜಟ್ಟಿಂಗಾ!”

ತಮ್ಮ ಓಡಿ ಬಂದು ಬಗ್ಗಿದ. “ಎಂತ ಅಕ್ಕ? ತೀರ್ಥ ಬಿಡ್ಲಾ?”

“ನಿನ್ನ ತೀರ್ಥ ಹಾಳಾಗ್ಲಿ. ಗದ್ದೆ ನಾಟಿ ಮುಗಿತನಾ?”

“ಇಲ್ಲ ಅಕ್ಕ. ಸಸಿ ಬಲೀತಾ ಇದೆ.”

“ಮತ್ತೆ ಇಲ್ಲೆಂತ ಮಾಡ್ತಿದೀಯ? ಮನೆಗೆ ಹೋಗು. ಇವ್ರನ್ನೂ ಎಲ್ಲಾ ಕರ್ಕಂಡು ಹೋಗು. ನಂಗೆ ಈಗ ಪುರಸೊತ್ತಿಲ್ಲ.”

“ಅಕ್ಕ...”

“ಈ ಹುಡುಗಿನ ನೋಡ್ಕಳೋಕೆ ಯಾರೂ ಇಲ್ಲ ಕಣೋ,” ಎಂದರು ಬಂಗಾರಮ್ಮ. “ಬಾಲು, ಹೊರಗೆ ಮಂಚ ಬಂದಿದೆಯಂತಲ್ಲ, ಒಳಗೆ ತಾ. ತನುಜಾ, ಈ ಗಂಜಿ ತಣ್ಣಗಾಗಿದೆ. ಬಿಸಿ ಮಾಡಿ ಎರಡು ಲೋಟ ತಗಂಬಾ.”